ಪಟ್ಟ ಬಿಟ್ಟು ಬೆಟ್ಟವೇರಿದ ಶ್ರೀ ನಿಜಗುಣ ಶಿವಯೋಗಿಗಳು



ತಾಳವಾಡಿ ಸೀಮೆಯಿಂದ ಮಠಕ್ಕೆ ಬರುವ ಭಕ್ತರು ಪ್ರಸಾದ ಮುಗಿಸಿ ಜಗಲಿಯ ಮೇಲೆ ಕುಳಿತಾಗ ಮನೆಯ ಕಷ್ಟಸುಖ ಹೇಳಿಕೊಳ್ಳುವುದು ವಾಡಿಕೆ. ಮೊದಲೆಲ್ಲ ಮಳೆಯ ಮಾತು, ಆನೆ ಹಾವಳಿಯ ಮಾತು, ಈರುಳ್ಳಿ ಟೊಮೆಟೊ ಧಾರಣೆಯ ಮಾತು ಇವೇ ಇರುತ್ತಿದ್ದವು. ಈಚಿನ ವರ್ಷಗಳಲ್ಲಿ ಇನ್ನೊಂದು ಮಾತು ಸೇರಿಕೊಂಡಿದೆ. ಸಾಲ ಮಾಡಿ ಓದಿಸಿದ ಮಗ ತಿರುಪ್ಪೂರಿನಲ್ಲೋ, ಕೊಯಮತ್ತೂರಿನಲ್ಲೋ, ಬೆಂಗಳೂರಿನಲ್ಲೋ ಸಂಬಳದ ಕೆಲಸದಲ್ಲಿರುತ್ತಾನೆ. ಒಂದು ದಿನ ಕೆಲಸ ಬಿಟ್ಟೆನೆಂದು ಫೋನು ಮಾಡುತ್ತಾನೆ. ನೇರವಾಗಿ ಊರಿಗೂ ಬರುವುದಿಲ್ಲ. ಮನಸ್ಸು ದಣಿದಿದೆ, ಕೆಲವು ದಿನ ಒಬ್ಬನೇ ಇರಬೇಕು ಎಂದು ಯಾವುದೋ ಬೆಟ್ಟಕ್ಕೋ ಕ್ಷೇತ್ರಕ್ಕೋ ಹೊರಟುಹೋಗುತ್ತಾನೆ. ಅತ್ತ ಮಗನ ಚಿಂತೆ, ಇತ್ತ ಊರಿನವರ ಬಾಯಿಗೆ ಏನು ಉತ್ತರ ಹೇಳುವುದೆಂಬ ಚಿಂತೆ. ಹೀಗೆ ಎರಡು ಕಡೆಯಿಂದಲೂ ನೊಂದ ತಂದೆತಾಯಿಗಳನ್ನು ನಾವು ಕಂಡಿದ್ದೇವೆ.

ಇಂತಹವರಿಗೆ ಒಂದೇ ಮಾತಿನಲ್ಲಿ ಸಮಾಧಾನ ಹೇಳಲು ನಮ್ಮಿಂದಾಗಿಲ್ಲ. ಕೆಲಸ ಬಿಟ್ಟವರೆಲ್ಲರೂ ಸೋತವರಲ್ಲ. ಹಾಗೆಂದು ಬಿಟ್ಟವರೆಲ್ಲರೂ ಗೆದ್ದವರೂ ಅಲ್ಲ. ಆದಕಾರಣ, ನಮ್ಮ ನೆರೆಯ ಸೀಮೆಯಲ್ಲಿಯೇ ಕೈಯಲ್ಲಿದ್ದ ಅಧಿಕಾರವನ್ನು ಬಿಟ್ಟು, ಒಬ್ಬರೇ ಬೆಟ್ಟವೇರಿ, ಅಲ್ಲಿಂದ ನಾಡಿಗೆ ಬೆಳಕು ಕೊಟ್ಟ ಶ್ರೀ ನಿಜಗುಣ ಶಿವಯೋಗಿಗಳವರ ಚರಿತ್ರೆಯನ್ನು ಈ ಸಂಚಿಕೆಯಲ್ಲಿ ಭಕ್ತರ ಮುಂದೆ ಇಡುತ್ತಿದ್ದೇವೆ.

ನಿಜಗುಣ ಶಿವಯೋಗಿಗಳು ನಮಗೆ ಪರಸ್ಥಳದವರಲ್ಲ. ಈಗ್ಗೆ ಸುಮಾರು 500 ವರ್ಷಗಳ ಹಿಂದೆ ಅವರು ಕೊಳ್ಳೇಗಾಲದ ಸೀಮೆಯಲ್ಲಿ ಇದ್ದವರು. ಇಂದು ಕೊಳ್ಳೇಗಾಲ ಕರ್ನಾಟಕದ ಚಾಮರಾಜನಗರ ಜಿಲ್ಲೆಗೆ ಸೇರಿದೆ, ತಾಳವಾಡಿ ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದೆ. ಆದರೆ 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೆ ಎರಡೂ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಯಲ್ಲೇ ಇದ್ದವು. ಅಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಹೋಯಿತು, ನಮ್ಮ ಸೀಮೆ ಇಲ್ಲಿಯೇ ಉಳಿಯಿತು. ಗಡಿಯ ಗೆರೆ ಬಿದ್ದರೂ ನಮ್ಮ ಸಂತೆ, ಹೆಣ್ಣು ಕೊಟ್ಟು ತರುವ ಸಂಬಂಧ, ಜಾತ್ರೆ, ಮಠ ಎಲ್ಲವೂ ಆಚೆಗೂ ಈಚೆಗೂ ಹರಡಿಕೊಂಡೇ ಇವೆ. ಆದ್ದರಿಂದ ಶಿವಯೋಗಿಗಳು ಆಚೆಯವರಿಗೆ ಎಷ್ಟು ಸಲ್ಲುವರೋ ಈಚೆಯ ನಮಗೂ ಅಷ್ಟೇ ಸಲ್ಲುವರು.

ಪೂರ್ವಾಶ್ರಮದಲ್ಲಿ ಅವರು ಒಂದು ಸಣ್ಣ ಸೀಮೆಯ ಒಡೆಯರಾಗಿದ್ದರು. ಸಣ್ಣ ಒಡೆತನವೆಂದರೆ ಸುಖದ ಪೀಠವೆಂದು ತಿಳಿಯಬಾರದು. ಆ ಕಾಲದ ಸೀಮೆಯೊಡೆಯನಿಗೆ ಮೇಲಿನ ಅರಸರಿಗೆ ಕಾಣಿಕೆ ಕಳುಹಿಸುವ ಹೊಣೆ, ಕೆಳಗಿನ ರೈತರಿಂದ ಕಂದಾಯ ಎತ್ತುವ ಹೊಣೆ, ಊರೂರಿನ ವ್ಯಾಜ್ಯ ತೀರಿಸುವ ಹೊಣೆ, ಕರೆ ಬಂದರೆ ಆಳುಗಳನ್ನು ಕಟ್ಟಿಕೊಂಡು ದಂಡಿಗೆ ಹೋಗುವ ಹೊಣೆ ಇರುತ್ತಿದ್ದವು. ಮೇಲಿನವರ ಒತ್ತಡ, ಕೆಳಗಿನವರ ಕಣ್ಣೀರು ಇವೆರಡರ ನಡುವೆ ನಿಂತವನಿಗೆ ಬಿಡುವೆಂಬುದಿಲ್ಲ. ಇಂದು ಕಂಪನಿಗಳಲ್ಲಿ ಮೇಲ್ವಿಚಾರಕನಾಗಿ ದುಡಿಯುವ ನಮ್ಮ ಹುಡುಗರಿಗೂ, ಮಂಡಿಯಲ್ಲಿ ರೈತನಿಗೂ ದೊಡ್ಡ ವ್ಯಾಪಾರಿಗೂ ನಡುವೆ ಕುಳಿತ ನಮ್ಮ ವರ್ತಕರಿಗೂ ಈ ಸಂಕಟ ಅರ್ಥವಾಗದೆ ಇರದು.

ಇಂತಹ ಒಡೆತನವನ್ನು ಅವರು ವೈರಾಗ್ಯ ತಾಳಿ ಬಿಟ್ಟರೆಂದು ಪರಂಪರೆ ಹೇಳುತ್ತದೆ. ಬಿಟ್ಟು ಹೋದದ್ದು ಎಲ್ಲಿಗೆ ಎಂಬುದನ್ನು ಭಕ್ತರು ಗಮನಿಸಬೇಕು. ಕಾಶಿಗೆ ಹೋಗಿ ನೆಲೆಸಲಿಲ್ಲ, ಶ್ರೀಶೈಲದಲ್ಲಿ ಉಳಿಯಲಿಲ್ಲ. ತಮ್ಮದೇ ಸೀಮೆಯ ಚಿಲಕವಾಡಿಯ ಬಳಿಯ ಶಂಭುಲಿಂಗನ ಬೆಟ್ಟವನ್ನು ಏರಿದರು. ಅಲ್ಲಿ ಏಕಾಂತದಲ್ಲಿ ಶಿವಯೋಗವನ್ನು ಸಾಧಿಸಿದರು. ಅಂದರೆ ಅವರ ಪಯಣ ಗಾವುದಗಳ ಲೆಕ್ಕದಲ್ಲಿ ಬಹಳ ಚಿಕ್ಕದು. ಊರಿನಿಂದ ಊರಿನ ಬೆಟ್ಟಕ್ಕೆ, ಅಷ್ಟೆ. ಆದರೆ ಒಡೆಯನೆಂದು ಜನ ಕೈಮುಗಿಯುತ್ತಿದ್ದ ನೆಲದಲ್ಲಿಯೇ ಏನೂ ಇಲ್ಲದವರಾಗಿ ಕುಳಿತುಕೊಳ್ಳುವುದು ದೂರದೇಶಕ್ಕೆ ಹೋಗುವುದಕ್ಕಿಂತ ಕಷ್ಟವೆಂದು ನಮಗೆ ತೋರುತ್ತದೆ. ಪರದೇಶದಲ್ಲಿ ನಮ್ಮನ್ನು ಯಾರೂ ಬಲ್ಲವರಿರುವುದಿಲ್ಲ. ಸ್ವಂತ ಸೀಮೆಯಲ್ಲಿ ನೋಡುವ ಕಣ್ಣುಗಳೆಲ್ಲ ಗುರುತಿನವೇ.

ಬೆಟ್ಟದ ಮೇಲೆ ಅವರು ಸುಮ್ಮನೆ ಕುಳಿತು ದಿನ ಕಳೆದರೇ? ಅವರು ರಚಿಸಿದ ಗ್ರಂಥಗಳೇ ಇದಕ್ಕೆ ಉತ್ತರ. ಕೈವಲ್ಯಪದ್ಧತಿ, ಪರಮಾನುಭವಬೋಧೆ, ಪರಮಾರ್ಥಗೀತೆ, ಅನುಭವಸಾರ, ಪುರಾತನರ ತ್ರಿವಿಧಿ, ಪರಮಾರ್ಥಪ್ರಕಾಶಿಕೆ, ವಿವೇಕಚಿಂತಾಮಣಿ ಇವು ಅವರ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಕನ್ನಡ ಕೃತಿಗಳು. ಇವುಗಳಲ್ಲಿ ವಿವೇಕಚಿಂತಾಮಣಿಯು ಗದ್ಯದಲ್ಲಿ ಬರೆದ ದೊಡ್ಡ ವಿಶ್ವಕೋಶ. ಸುಮಾರು 1500 ವಿಷಯಗಳನ್ನು ಬೇರೆಬೇರೆಯಾಗಿ ವಿಂಗಡಿಸಿ ಅದರಲ್ಲಿ ವಿವರಿಸಲಾಗಿದೆ. ಅಧ್ಯಾತ್ಮದ ಜೊತೆಗೆ ಕಾವ್ಯಲಕ್ಷಣ, ನಾಟ್ಯ, ಸಂಗೀತ ಮೊದಲಾದ ಲೋಕವಿದ್ಯೆಗಳೂ ಇವೆ. ಲೋಕವನ್ನು ಬಿಟ್ಟುಹೋದವರೆಂದು ನಾವು ತಿಳಿದವರೇ ಲೋಕದ ವಿದ್ಯೆಗಳನ್ನೆಲ್ಲ ಒಂದು ಕಡೆ ಕೂಡಿಸಿಟ್ಟರೆಂಬುದು ಯೋಚಿಸಬೇಕಾದ ಸಂಗತಿ. ವರ್ಷಗಟ್ಟಲೆ ಓದು, ವಿಚಾರ, ಶಿಸ್ತು ಇಲ್ಲದೆ ಇಂತಹ ಗ್ರಂಥ ಆಗುವಂತಹುದಲ್ಲ. ಏಕಾಂತ ಅವರಿಗೆ ಆಲಸ್ಯವಾಗಲಿಲ್ಲ. ಒಂದು ಬಗೆಯ ದುಡಿಮೆ ನಿಂತು ಇನ್ನೊಂದು ಬಗೆಯ ದುಡಿಮೆ ತೊಡಗಿತು.

ಆ ದುಡಿಮೆ ಯಾರಿಗಾಗಿ ಎಂಬುದು ಇನ್ನೂ ಮುಖ್ಯವಾದುದು. ಶಿವಯೋಗಪ್ರದೀಪಿಕೆ ಎಂಬ ಸಂಸ್ಕೃತ ಗ್ರಂಥಕ್ಕೆ ಅವರು ಕನ್ನಡದಲ್ಲಿ ಬರೆದ ವಿವರಣೆಯೇ ಪರಮಾರ್ಥಪ್ರಕಾಶಿಕೆ. ಸಂಸ್ಕೃತ ಬಾರದವರಿಗೂ ಯೋಗದ ದಾರಿ ತಿಳಿಯಲೆಂಬುದೇ ಅದರ ಉದ್ದೇಶ. ಪದ್ಯಕ್ಕೂ ಅವರು ಜನರ ಬಾಯಲ್ಲಿದ್ದ ಮಟ್ಟುಗಳನ್ನೇ ಹಿಡಿದರು. ಆ ಕಾಲದ ಕವಿಗಳು ಷಟ್ಪದಿಯಲ್ಲಿ ದೊಡ್ಡ ದೊಡ್ಡ ಕಾವ್ಯ ಬರೆದು ಕೀರ್ತಿ ಪಡೆಯುತ್ತಿದ್ದರು. ಶಿವಯೋಗಿಗಳು ಷಟ್ಪದಿಯ ಗೋಜಿಗೆ ಹೋಗಲಿಲ್ಲ. ಅನುಭವಸಾರವನ್ನೂ ಪುರಾತನರ ತ್ರಿವಿಧಿಯನ್ನೂ ತ್ರಿಪದಿಯಲ್ಲಿ ಕಟ್ಟಿದರು. ತ್ರಿಪದಿ ಯಾವುದು? ನಮ್ಮ ತಾಯಂದಿರು ಅಜ್ಜಿಯಂದಿರು ರಾಗಿಕಲ್ಲಿನ ಮುಂದೆ ಕುಳಿತು ಹಾಡಿದ ಮೂರು ಸಾಲಿನ ಹಾಡೇ ತ್ರಿಪದಿ. ಕೈವಲ್ಯಪದ್ಧತಿಯಲ್ಲಿರುವುದು ಹಾಡಿಕೊಳ್ಳಲು ಬರುವ ತತ್ತ್ವಪದಗಳು. ಓದು ಬಾರದವನಿಗೂ ಕಿವಿಯಿದ್ದರೆ ಸಾಕು, ದಕ್ಕುವಂತಹವು.

ಪುರಾತನರ ತ್ರಿವಿಧಿಯ ವಿಷಯದಲ್ಲಿ ಗಡಿನಾಡಿನ ನಾವು ಒಂದು ಮಾತನ್ನು ವಿಶೇಷವಾಗಿ ನೆನೆಯಬೇಕು. ಅದು 63 ಮಂದಿ ಪುರಾತನರನ್ನು ಕುರಿತದ್ದು. ಆ 63 ಮಂದಿ ತಮಿಳು ನಾಡಿನ ಶಿವಭಕ್ತರು. ನಂಜನಗೂಡಿನ ಶ್ರೀಕಂಠೇಶ್ವರನ ಗುಡಿಯಲ್ಲಿ ಸಾಲಾಗಿ ನಿಂತಿರುವ ಅವರ ಮೂರ್ತಿಗಳನ್ನು ನಮ್ಮಲ್ಲಿ ನೋಡದವರು ಕಡಿಮೆ. ಬೇಡರ ಕಣ್ಣಪ್ಪ ಅವರಲ್ಲೊಬ್ಬ. ನಮ್ಮ ಗಾಜನೂರಿನ ರಾಜ್‌ಕುಮಾರ್ ಅವರು 1954ರಲ್ಲಿ ಮೊದಲ ಬಾರಿಗೆ ನಾಯಕರಾಗಿ ನಟಿಸಿ ಮನೆಮಾತಾದದ್ದು ಆ ಕಣ್ಣಪ್ಪನ ಪಾತ್ರದಿಂದಲೇ. ತಮಿಳಿನ ಭಕ್ತರನ್ನು ಕನ್ನಡದ ತ್ರಿಪದಿಯಲ್ಲಿ ಕೂರಿಸಿದ ಶಿವಯೋಗಿಗಳಿಗೆ ಎರಡು ಭಾಷೆಗಳ ನಡುವೆ ಬೇಲಿ ಇರಲಿಲ್ಲ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು ಎಂದು ಎರಡನ್ನೂ ಆಡುತ್ತ ಬದುಕುವ ನಮ್ಮ ಮಕ್ಕಳಿಗೆ ಇದು ಧೈರ್ಯ ಕೊಡುವ ಮಾತು.

ಅವರ ಕೃತಿಗಳು ಬೆಟ್ಟದಿಂದ ಇಳಿದು ಎಲ್ಲೆಲ್ಲಿಗೆ ನಡೆದವೆಂಬುದನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ವಿವೇಕಚಿಂತಾಮಣಿಯು 1604ರಲ್ಲಿ ಮರಾಠಿಗೆ ಅನುವಾದವಾಯಿತು. 1652ರಲ್ಲಿ ಸಂಸ್ಕೃತಕ್ಕೂ ಹೋಯಿತು. ಸಂಸ್ಕೃತದಿಂದ ಕನ್ನಡಕ್ಕೆ ಗ್ರಂಥ ಬರುವುದು ಸಾಮಾನ್ಯ. ಕನ್ನಡದ ಗ್ರಂಥವನ್ನು ಪಂಡಿತರು ಸಂಸ್ಕೃತಕ್ಕೆ ಮಾಡಿಕೊಂಡರೆಂದರೆ ಅದರ ತೂಕ ಎಷ್ಟಿರಬೇಕು! ಅವರು ಹಾಕಿದ ಕೈವಲ್ಯದ ಹಾದಿಯಲ್ಲಿ ಮುಪ್ಪಿನ ಷಡಕ್ಷರಿಗಳೂ, ಮುಂದೆ ಸರ್ಪಭೂಷಣ ಶಿವಯೋಗಿಗಳೂ ಪದಗಳನ್ನು ರಚಿಸಿದರು. 1929ರಲ್ಲಿ ಲಿಂಗೈಕ್ಯರಾದ ಹುಬ್ಬಳ್ಳಿಯ ಶ್ರೀ ಸಿದ್ಧಾರೂಢರು ತಮ್ಮ ಮಠದಲ್ಲಿ ಭಕ್ತರಿಗೆ ನಿಜಗುಣರ ಶಾಸ್ತ್ರಗಳನ್ನೇ ಬಿಡಿಸಿ ಹೇಳುತ್ತಿದ್ದರು. ಇಂದಿಗೂ ಭಜನಾ ಮಂಡಲಿಯವರು ತಾಳ ಹಿಡಿದು ಕುಳಿತರೆ ನಿಜಗುಣರ ಪದ ಬಾರದೆ ರಾತ್ರಿ ಮುಗಿಯುವುದು ಅಪರೂಪ.

ಇನ್ನೊಂದು ಸಂಗತಿ. ಶಿವಯೋಗಿಗಳು ತಮ್ಮ ರಚನೆಗಳಲ್ಲಿ ಇಟ್ಟುಕೊಂಡ ಅಂಕಿತ ಶಂಭುಲಿಂಗ. ಆಳಿದ ಸೀಮೆಯ ಹೆಸರಲ್ಲ, ಮನೆತನದ ಬಿರುದಲ್ಲ, ಆಶ್ರಯ ಕೊಟ್ಟ ಬೆಟ್ಟದ ದೇವರ ಹೆಸರು. ಅವರು ಎಷ್ಟು ಹಳ್ಳಿಗಳಿಗೆ ಒಡೆಯರಾಗಿದ್ದರು, ಎಷ್ಟು ಕಂದಾಯ ಎತ್ತುತ್ತಿದ್ದರು ಎಂದು ಇಂದು ಯಾರೂ ಕೇಳುವುದಿಲ್ಲ. ಬೆಟ್ಟದಲ್ಲಿ ಬರೆದದ್ದನ್ನು ಮಾತ್ರ 500 ವರ್ಷಗಳಿಂದ ಜನ ಹಾಡುತ್ತಿದ್ದಾರೆ.

ಈಗ ಮೊದಲಿನ ಮಾತಿಗೆ ಬರೋಣ. ಕೆಲಸ ಬಿಟ್ಟ ಹುಡುಗನನ್ನು ನಾವು ಶಿವಯೋಗಿಗಳಿಗೆ ಹೋಲಿಸುತ್ತಿಲ್ಲ. ಅವರದು ಮರಳಿ ಬಾರದ ವೈರಾಗ್ಯ, ಇವನದು ದಣಿವು. ಎರಡೂ ಒಂದೆಂದರೆ ಶಿವಯೋಗಿಗಳಿಗೂ ಅಪಚಾರ, ಹುಡುಗನಿಗೂ ಅನ್ಯಾಯ. ಆದರೆ ದಣಿವು ಸುಳ್ಳೆಂದು ಹೇಳುವ ಹಕ್ಕು ನಮಗಿಲ್ಲ. ಎರಡು ಬೆಳೆ ತೆಗೆದ ಹೊಲವನ್ನು ಒಂದು ಕಾರು ಬೀಳು ಬಿಡುವುದು ನಮ್ಮ ಹಿರಿಯರು ಕಂಡುಕೊಂಡ ಕ್ರಮ. ಬೀಳು ಬಿಟ್ಟ ಹೊಲವನ್ನು ನೋಡಿ ಯಾರೂ ಅದು ಸತ್ತುಹೋಯಿತೆಂದು ಅಳುವುದಿಲ್ಲ. ಹೊಲಕ್ಕೆ ಕೊಡುವ ಬಿಡುವನ್ನು ಹೆತ್ತ ಮಗನಿಗೆ ಕೊಡಲು ನಾವೇಕೆ ಹಿಂಜರಿಯಬೇಕು? ಹಾಗೆಯೇ, ಬೀಳು ಬಿಟ್ಟ ಹೊಲವನ್ನು ಮತ್ತೆ ಉಳದೆ ಹೋದರೆ ಅಲ್ಲಿ ಲಂಟಾನವೇ ಬೆಳೆಯುವುದೆಂಬುದನ್ನೂ ನಾವು ಬಲ್ಲೆವು.

ಆದ್ದರಿಂದ ತರುಣರಲ್ಲಿ ನಮ್ಮ ವಿನಂತಿ ಇಷ್ಟು. ಹೊರಡುವ ಮುನ್ನ ಮಾಡಿದ ಸಾಲಕ್ಕೆ ಒಂದು ದಾರಿ ಹೇಳಿ ಹೊರಡಿರಿ. ಎಲ್ಲಿಗೆ ಹೋಗುತ್ತೀರಿ, ಎಂದು ಬರುತ್ತೀರಿ ಎಂದು ತಾಯಿಗೆ ತಿಳಿಸಿರಿ. ನಮ್ಮ ಸುತ್ತಲಿನ ಕಾಡು 2013ರಿಂದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶವಾಗಿದೆ. ಏಕಾಂತದ ಹೆಸರಿನಲ್ಲಿ ಅಪ್ಪಣೆಯಿಲ್ಲದೆ ಒಳನುಗ್ಗಿ ಆನೆಯ ದಾರಿಗೆ ಅಡ್ಡ ಬೀಳಬೇಡಿರಿ. ದೂರ ಹೋದಷ್ಟೂ ಶಾಂತಿ ಹೆಚ್ಚೆಂಬ ಭ್ರಮೆಯೂ ಬೇಡ. ಶಿವಯೋಗಿಗಳಿಗೆ ಊರ ಬೆಟ್ಟವೇ ಸಾಕಾಯಿತು. ಹೋದಲ್ಲಿ ನಿಮ್ಮ ಮನಸ್ಸಿಗೆ ನೀವೇ ಉತ್ತರ ಕೇಳಿರಿ: ಬೇಸರ ಬಂದದ್ದು ದುಡಿಮೆಯ ಮೇಲೋ, ಆ ಒಂದು ದುಡಿಮೆಯ ರೀತಿಯ ಮೇಲೋ? ಇಷ್ಟು ತಿಳಿದರೆ ಮುಂದಿನ ಹೆಜ್ಜೆ ತಾನಾಗಿ ಕಾಣುತ್ತದೆ.

ಹಿರಿಯರಲ್ಲಿಯೂ ಒಂದು ಮಾತು. ಮಗ ಮರಳಿ ಬಂದಾಗ ಬಾಗಿಲಲ್ಲೇ ಲೆಕ್ಕ ಕೇಳಬೇಡಿರಿ. ಮೊದಲು ಊಟ ಬಡಿಸಿರಿ, ನಾಲ್ಕು ದಿನ ತಡೆದು ಮಾತನಾಡಿರಿ. ಊರಿನವರ ಬಾಯಿಗೆ ಉತ್ತರ ಕೊಡುವ ಹೊಣೆ ನಿಮ್ಮದಲ್ಲ. ಪಟ್ಟ ಬಿಟ್ಟು ಬೆಟ್ಟವೇರಿದವರ ಪದಗಳನ್ನು ಹಾಡುವ ಬಾಯಿಗಳೇ, ಕೆಲಸ ಬಿಟ್ಟು ಬಂದ ಹುಡುಗನನ್ನು ಆಡಿಕೊಳ್ಳುವುದು ಸರಿಯಲ್ಲ.

ಕೊನೆಯದಾಗಿ, ಬಿಡುವು ಬೇಕಾದದ್ದು ಸಂಬಳದ ಕೆಲಸದವರಿಗೆ ಮಾತ್ರವೇ ಎಂದು ನಾವು ನಮ್ಮನ್ನೇ ಕೇಳಿಕೊಳ್ಳಬೇಕಾಗಿದೆ. ದನಕರು ಬಿಟ್ಟು ಒಂದು ರಾತ್ರಿಯೂ ಹೊರಗೆ ಮಲಗದ ರೈತ, ಮದುವೆಯಾದಂದಿನಿಂದ ಒಂದು ದಿನವೂ ಒಲೆಯಿಂದ ದೂರವಿರದ ಮನೆಯ ತಾಯಿ, ಇವರ ದಣಿವನ್ನು ಯಾರೂ ಎಣಿಸುವುದಿಲ್ಲ; ಅವರೂ ಹೇಳಿಕೊಳ್ಳುವುದಿಲ್ಲ. ಮನೆಯವರು ಕೂಡಿ ಕೆಲಸ ಹಂಚಿಕೊಂಡು, ವರ್ಷಕ್ಕೆ ನಾಲ್ಕು ದಿನವಾದರೂ ಅವರನ್ನು ಅವರಷ್ಟಕ್ಕೆ ಬಿಟ್ಟರೆ ಅದೂ ಒಂದು ದಾಸೋಹವೇ. ಸುಗ್ಗಿ ಮುಗಿದ ಮೇಲೆ ಸಾಧ್ಯವಾದವರು ಚಾಮರಾಜನಗರ, ಯಳಂದೂರು ದಾಟಿ ಆ ಶಂಭುಲಿಂಗನ ಬೆಟ್ಟವನ್ನೊಮ್ಮೆ ಏರಿ ಬರಲಿ. ಹೋಗುವಾಗ ಗುಂಪಾಗಿ ಹೋದರೂ ಮೇಲೆ ತಲುಪಿದ ನಂತರ ಸ್ವಲ್ಪ ಹೊತ್ತು ಒಬ್ಬೊಬ್ಬರೇ ಮಾತಿಲ್ಲದೆ ಕುಳಿತು ಇಳಿದು ಬರಲಿ.