ಡಾಕ್ಟರ್ ಕೋಲ್‌ಮನ್ ಮತ್ತು ಎಲೆಯೊಳಗಿನ ಸಕ್ಕರೆ

ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ಹೆಸರನ್ನು ಕೇಳದವರು ನಮ್ಮ ಜಿಲ್ಲೆಯಲ್ಲಿ ವಿರಳ. ಆದರೆ ಅದನ್ನು ಸ್ಥಾಪಿಸಿದವರು ಯಾರು, ಏತಕ್ಕಾಗಿ ಸ್ಥಾಪಿಸಿದರು ಎಂದು ಕೇಳಿದರೆ ಉತ್ತರ ಹೇಳಬಲ್ಲವರು ಕಡಮೆ. ದೂರದ ಕೆನಡಾ ದೇಶದಿಂದ ಬಂದು, ಕಾಲು ಶತಮಾನಕ್ಕೂ ಮಿಕ್ಕಿ ಮೈಸೂರು ಸೀಮೆಯ ರೈತನಿಗಾಗಿ ದುಡಿದ ಡಾಕ್ಟರ್ ಲೆಸ್ಲಿ ಕೋಲ್‌ಮನ್ ಅವರೇ ಆ ಮಹನೀಯರು.

ಕೋಲ್‌ಮನ್ ಅವರು 1878ರಲ್ಲಿ ಒಂಟಾರಿಯೋ ಪ್ರಾಂತದಲ್ಲಿ ಜನಿಸಿದರು. ಟೊರಾಂಟೋ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿ, ಜರ್ಮನಿಯ ಗಾಟಿಂಗೆನ್‌ನಲ್ಲಿ ಡಾಕ್ಟರೇಟ್ ಪದವಿ ಪಡೆದರು. 1908ರಲ್ಲಿ ಮೈಸೂರು ಸರ್ಕಾರವು ಅವರನ್ನು ಬೆಳೆಗಳ ಶಿಲೀಂಧ್ರರೋಗ ಮತ್ತು ಕೀಟಗಳ ತಜ್ಞರನ್ನಾಗಿ ನೇಮಿಸಿತು. ಆಗ ಅವರ ವಯಸ್ಸು ಮೂವತ್ತು.

ಮಲೆನಾಡು ಅವರ ಮುಂದಿಟ್ಟ ಮೊದಲ ಸಮಸ್ಯೆ ಅಡಕೆಯ ಕೊಳೆರೋಗ. ಆಷಾಢದ ಮಳೆ ಬಿಡದೆ ಸುರಿದರೆ ಗೊನೆಯ ಕಾಯಿಗಳು ಕೊಳೆತು ಉದುರುವುವು. ಒಂದು ವರ್ಷದ ಫಸಲು ಕೆಲವೇ ದಿನಗಳಲ್ಲಿ ಮರದ ಬುಡದಲ್ಲಿ ಬಿದ್ದಿರುವುದು. ಕೋಲ್‌ಮನ್ ಅವರು ರೋಗಕಾರಕ ಜೀವಿಯನ್ನು ಸೂಕ್ಷ್ಮದರ್ಶಕದಡಿ ಗುರುತಿಸಿ, 1910ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಗೊನೆಗೆ ಸಿಂಪಡಿಸುವ ಉಪಾಯವನ್ನು ರೂಢಿಗೆ ತಂದರು. ಇಂದಿಗೂ ಕೊಪ್ಪ, ಶೃಂಗೇರಿ, ಕಳಸದ ತೋಟಗಳಲ್ಲಿ ಮಳೆಗಾಲಕ್ಕೆ ಮುಂಚೆ ಔಷಧಿ ಹೊಡೆಯುವ ಪ್ರತಿಯೊಬ್ಬ ಕೊನೆಗಾರನೂ, ಅರಿತೋ ಅರಿಯದೆಯೋ, ಕೋಲ್‌ಮನ್ ಅವರ ಶಿಷ್ಯನೇ ಸರಿ.

ಎರಡನೆಯ ಶತ್ರು ಕಾಫಿಯ ಎಲೆತುಕ್ಕು. 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡ ಈ ರೋಗವು ಅಲ್ಲಿಯ ಕಾಫಿಯನ್ನೇ ನಿರ್ನಾಮಗೊಳಿಸಿತು. ತೋಟಗಾರರು ಚಹಾಕ್ಕೆ ತಿರುಗಬೇಕಾಯಿತು. ಅದೇ ತುಕ್ಕು ಬಾಬಾಬುಡನ್‌ಗಿರಿಯ ತಪ್ಪಲನ್ನೂ ಮುಟ್ಟಿದ್ದಿತು. ಎಲೆಯ ಅಡಿಭಾಗದಲ್ಲಿ ಕಿತ್ತಳೆ ಬಣ್ಣದ ಪುಡಿ, ಬಳಿಕ ಬರಿದಾದ ರೆಂಬೆ, ಮರುವರ್ಷ ಜೊಳ್ಳು ಫಸಲು: ಇದು ಅದರ ಕ್ರಮ. ಇದಕ್ಕೆ ಪರಿಹಾರ ಹುಡುಕಲು 1915ರಲ್ಲಿ ಕೊಪ್ಪದಲ್ಲಿ ತಾತ್ಕಾಲಿಕ ಪ್ರಯೋಗಕೇಂದ್ರವೂ, 1925ರಲ್ಲಿ ಬಾಳೆಹೊನ್ನೂರಿನ ಬಳಿ ಶಾಶ್ವತ ಕೇಂದ್ರವೂ ಆರಂಭವಾದುವು. ಆಗ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೋಲ್‌ಮನ್ ಅವರೇ ಇದರ ಸಂಸ್ಥಾಪಕರು.

ತುಕ್ಕು ಎಲೆಗೆ ಮಾಡುವುದೇನು? ಒಂದೇ ಮಾತಿನಲ್ಲಿ ಹೇಳುವುದಾದರೆ, ಸಕ್ಕರೆಯ ಕಳವು. ಎಲೆ ಬಿಸಿಲಿನಲ್ಲಿ ತಯಾರಿಸಿದ ಸಕ್ಕರೆ ಜೀವಕೋಶದೊಳಗಿದೆ. ಅದರ ಸುತ್ತ ಕೊಬ್ಬಿನಿಂದಾದ ತೆಳುವಾದ ಪೊರೆಯಿದೆ. ನೀರಿನಲ್ಲಿ ಕರಗುವ ಸಕ್ಕರೆಯ ಅಣು ಕೊಬ್ಬಿನ ಪೊರೆಯನ್ನು ತಾನಾಗಿ ದಾಟಲಾರದು. ಪೊರೆಯಲ್ಲಿ ನಾಟಿಕೊಂಡಿರುವ ಪ್ರೋಟೀನುಗಳೇ ಅದಕ್ಕೆ ಬಾಗಿಲು. ಕೆಲವು ಬಾಗಿಲುಗಳು ಸಕ್ಕರೆಯನ್ನು ಹೆಚ್ಚಿರುವ ಕಡೆಯಿಂದ ಕಡಮೆಯಿರುವ ಕಡೆಗೆ ಬಿಡುತ್ತವೆ. ಇನ್ನು ಕೆಲವು, ಹೊರಗೆ ತಳ್ಳಲ್ಪಟ್ಟ ಜಲಜನಕದ ಅಯಾನು ಒಳಕ್ಕೆ ನುಗ್ಗುವ ರಭಸವನ್ನೇ ಬಳಸಿಕೊಂಡು ಸಕ್ಕರೆಯನ್ನೂ ಜೊತೆಗೆ ಎಳೆದುಕೊಳ್ಳುತ್ತವೆ. ನಮ್ಮ ಕರುಳಿನಲ್ಲಿ ಸೋಡಿಯಂ ಇದೇ ಕೆಲಸ ಮಾಡುವುದೆಂದು ರಾಬರ್ಟ್ ಕ್ರೇನ್ ಅವರು 1960ರಲ್ಲಿ ಸೂಚಿಸಿದರು. ವಾಂತಿಭೇದಿಯಾದವರಿಗೆ ಉಪ್ಪು ಸಕ್ಕರೆ ಬೆರೆಸಿದ ನೀರು ಕುಡಿಸುವುದರ ಗುಟ್ಟು ಇದೇ.

ತುಕ್ಕಿನ ಬೀಜಾಣು ಎಲೆಯಡಿಯ ತೇವದಲ್ಲಿ ಮೊಳೆತು, ಪತ್ರರಂಧ್ರದ ಮೂಲಕ ಒಳಹೊಕ್ಕು, ಜೀವಕೋಶದ ಗೋಡೆಯನ್ನು ಕೊರೆಯುತ್ತದೆ. ಆದರೆ ಪೊರೆಯನ್ನು ಹರಿಯುವುದಿಲ್ಲ. ಪೊರೆಯನ್ನು ಒಳಕ್ಕೆ ಒತ್ತಿ, ಅಲ್ಲೊಂದು ಹೀರುವ ಅಂಗವನ್ನು ಊರುತ್ತದೆ. ಆ ಅಂಗದ ಪೊರೆಯಲ್ಲಿಯೂ ಸಕ್ಕರೆಯ ಬಾಗಿಲುಗಳುಂಟು. ಹುರುಳಿಯ ಜಾತಿಯ ಗಿಡಗಳನ್ನು ಬಾಧಿಸುವ ಒಂದು ತುಕ್ಕಿನಲ್ಲಿ ಅಂಥ ಪ್ರೋಟೀನನ್ನು ವಿಜ್ಞಾನಿಗಳು 2001ರಲ್ಲಿ ಗುರುತಿಸಿದರು. ಕೋಶವು ಸತ್ತರೆ ಸಕ್ಕರೆಯಿಲ್ಲ. ಆದುದರಿಂದ ಕಳ್ಳನಿಗೆ ಮನೆಯವರು ಬದುಕಿರಬೇಕು!

ಸಕ್ಕರೆಯ ಈ ಬಾಗಿಲುಗಳ ವಿಷಯ ಕೋಲ್‌ಮನ್ ಅವರು ಇಲ್ಲಿ ದುಡಿಯುತ್ತಿದ್ದ ಕಾಲದಲ್ಲಿ ತಿಳಿದಿರಲಿಲ್ಲ. ಆದರೂ ಅವರು ಹಿಡಿದ ಎರಡು ದಾರಿಗಳೂ ಸರಿಯಾದುವೇ. ಬೋರ್ಡೋ ದ್ರಾವಣದ ತಾಮ್ರ ಎಲೆಯ ಮೇಲಷ್ಟೇ ನಿಂತು ಬೀಜಾಣುವನ್ನು ಕೊಲ್ಲುತ್ತದೆ. ಒಳಹೊಕ್ಕ ಕಳ್ಳನನ್ನು ಅದು ಮುಟ್ಟಲಾರದು. ಆದ್ದರಿಂದ ಸಿಂಪಡಣೆಗೆ ಹೊತ್ತು ಮುಖ್ಯ. ಇನ್ನೊಂದು ದಾರಿ ರೋಗನಿರೋಧಕ ತಳಿ. ಅಂಥ ಗಿಡದಲ್ಲಿ ಆಕ್ರಮಣಕ್ಕೊಳಗಾದ ಕೋಶ ಶತ್ರುವನ್ನು ಗುರುತಿಸಿ ತಾನೇ ಸಾಯುತ್ತದೆ; ಕಣಜ ಮುಚ್ಚುತ್ತದೆ, ತುಕ್ಕು ಹಸಿವಿನಿಂದ ಅಳಿಯುತ್ತದೆ.

ಆದರೆ ಶತ್ರುವೂ ಸುಮ್ಮನಿರಲಿಲ್ಲ. ತೋಟಗಾರ ಕೆಂಟ್ ಅವರು ಆರಿಸಿದ್ದ ತಳಿ ಕೆಲಕಾಲ ತಡೆದುನಿಂತು ಬಳಿಕ ಸೋತಿತು. ತುಕ್ಕಿನಲ್ಲಿಯೇ ಬೇರೆಬೇರೆ ಪ್ರಭೇದಗಳಿವೆಯೆಂದು 1930ರ ದಶಕದಲ್ಲಿ ಬಾಳೆಹೊನ್ನೂರಿನಲ್ಲಿಯೇ ಮೇಯ್ನ್ ಅವರು ತೋರಿಸಿಕೊಟ್ಟರು. ಕೆಂಟ್ ತಳಿಯೊಡನೆ ಎಸ್. 288 ಅನ್ನು ಕೂಡಿಸಿ ಪಡೆದ ಎಸ್. 795 ತಳಿಯು 1940ರ ದಶಕದಲ್ಲಿ ಬೆಳೆಗಾರರ ಕೈಸೇರಿತು. ಅದಕ್ಕೂ ಮುಂದೆ ಹೊಸ ಪ್ರಭೇದಗಳು ಎದುರಾದುವು. ಈ ಹೋರಾಟಕ್ಕೆ ಕೊನೆಯಿಲ್ಲ; ಅದಕ್ಕೆಂದೇ ಒಂದು ಔಷಧಿಗಿಂತ ಒಂದು ಸಂಸ್ಥೆ ದೊಡ್ಡದು. 1944ರಲ್ಲಿ ಕಾಫಿ ಮಂಡಳಿ ಈ ಕೇಂದ್ರವನ್ನು ವಹಿಸಿಕೊಂಡಿತು.

ಹೆಬ್ಬಾಳದ ಕೃಷಿ ಶಾಲೆಯ ಬೆಳವಣಿಗೆಯಲ್ಲಿಯೂ, 1933ರಲ್ಲಿ ಆರಂಭವಾದ ಮಂಡ್ಯದ ಸಕ್ಕರೆ ಕಂಪೆನಿಯ ಸ್ಥಾಪನೆಯಲ್ಲಿಯೂ ಕೋಲ್‌ಮನ್ ಅವರ ಶ್ರಮವಿದೆ. 1934ರಲ್ಲಿ ನಿವೃತ್ತರಾಗಿ ಸ್ವದೇಶಕ್ಕೆ ತೆರಳಿದ ಅವರು 1954ರಲ್ಲಿ ಅಲ್ಲಿಯೇ ಕಾಲವಾದರು.

ನಮ್ಮ ಸಹಪಾಠಿಗಳಲ್ಲಿ ತೋಟದ ಮನೆಗಳಿಂದ ಬಂದವರೂ, ಅದೇ ತೋಟಗಳಲ್ಲಿ ಕೂಲಿ ಮಾಡುವವರ ಮಕ್ಕಳೂ ಇದ್ದಾರೆ. ಎಲೆಯ ಸಕ್ಕರೆ ಕಳುವಾದರೆ ಇಬ್ಬರ ಒಲೆಯೂ ಆರುತ್ತದೆ. ಕಣ್ಣಿಗೆ ಕಾಣದ ಆ ಬಾಗಿಲನ್ನು ಕಾಯಲು ಜೀವಮಾನವನ್ನು ಮುಡಿಪಿಟ್ಟವರ ನೆನಪು ನಮ್ಮಲ್ಲಿ ಉಳಿಯಲಿ. ಅವರು ನಿಲ್ಲಿಸಿದ ಕಡೆಯಿಂದ ಮುಂದುವರಿಸುವ ವಿದ್ಯಾರ್ಥಿಗಳು ಈ ಗುಡ್ಡಗಳಿಂದಲೇ ಹೊರಡಲಿ.