ಡೇವಿಡ್ ಗ್ರೂಬಿ

ಹುಳುಕಡ್ಡಿ ಎಂಬ ಚರ್ಮರೋಗದ ಹೆಸರಿನಲ್ಲಿ ಹುಳುವಿದೆ, ರೋಗದಲ್ಲಿ ಹುಳುವಿಲ್ಲ. ಅದಕ್ಕೆ ಕಾರಣ ಬೂಷ್ಟಿನ ವರ್ಗಕ್ಕೆ ಸೇರಿದ ಶಿಲೀಂಧ್ರಗಳು. ಇವುಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡು, ಒಂದರಿಂದ ಒಂದನ್ನು ಬೇರ್ಪಡಿಸಿ ಗುರುತಿಸಿದ ಮೊದಲಿಗರಲ್ಲಿ ಗ್ರೂಬಿ ಅಗ್ರಗಣ್ಯನು.

ಗ್ರೂಬಿ 1810ರಲ್ಲಿ ಅಂದಿನ ಹಂಗೇರಿಯ ಹಳ್ಳಿಯೊಂದರ ಬಡ ಯಹೂದಿ ಕುಟುಂಬದಲ್ಲಿ ಜನಿಸಿದನು. ವಿಯೆನ್ನಾದಲ್ಲಿ ವೈದ್ಯಶಾಸ್ತ್ರವನ್ನು ಕಲಿತು ಪ್ಯಾರಿಸಿಗೆ ಬಂದು ನೆಲೆಸಿದನು. ರೇಷ್ಮೆಹುಳುವಿನ ಸುಣ್ಣಕಟ್ಟು ರೋಗಕ್ಕೆ ಶಿಲೀಂಧ್ರವೇ ಕಾರಣವೆಂದು ಇಟಲಿಯ ಬಾಸ್ಸಿ 1835ರಲ್ಲಿಯೇ ತೋರಿಸಿದ್ದನು. ಆದರೂ ಮನುಷ್ಯನ ಚರ್ಮರೋಗಗಳು ದೇಹದೊಳಗಿನ ರಸಗಳು ಕೆಡುವುದರಿಂದ ಬರುತ್ತವೆಂದೇ ಹೆಚ್ಚಿನ ವೈದ್ಯರು ನಂಬಿದ್ದರು.

ತಲೆಯ ಮೇಲೆ ಹಳದಿ ಹೊಪ್ಪಳೆ ಕಟ್ಟುವ ರೋಗವೊಂದರಲ್ಲಿ ಶಿಲೀಂಧ್ರವಿರುವುದನ್ನು ಜರ್ಮನ್ ವೈದ್ಯ ಷೋನ್‌ಲೈನ್ 1839ರಲ್ಲಿ ಕಂಡಿದ್ದನು. ಅದನ್ನರಿಯದ ಗ್ರೂಬಿ 1841ರಲ್ಲಿ ತಾನೇ ಅದನ್ನು ಕಂಡುಕೊಂಡನು. ಅಷ್ಟಕ್ಕೇ ನಿಲ್ಲದೆ, ಆ ಶಿಲೀಂಧ್ರವನ್ನು ಆರೋಗ್ಯವಂತ ಚರ್ಮಕ್ಕೆ ಸೋಂಕಿಸಿದರೆ ಅಲ್ಲಿಯೂ ರೋಗ ಹುಟ್ಟುವುದೆಂದು ತೋರಿಸಿದನು. ಮರುವರ್ಷ ಗಡ್ಡದ ಕೂದಲಿನ ರೋಗವನ್ನು ಪರೀಕ್ಷಿಸಿದನು. ಮಕ್ಕಳ ತಲೆಗೂದಲು ಉದುರಿಸುವ ಶಿಲೀಂಧ್ರವೊಂದರ ಬೀಜಕಗಳು ಬಹು ಚಿಕ್ಕವು. ಅವು ಕೂದಲಿನ ಹೊರಗೆ ಒರೆಯಂತೆ ಒತ್ತಾಗಿ ಕವಿದಿರುತ್ತವೆ. 1843ರಲ್ಲಿ ಅವನು ಇದಕ್ಕೆ ಮೈಕ್ರೋಸ್ಪೋರಮ್ ಎಂದು ಹೆಸರಿಟ್ಟನು. ಮರುವರ್ಷ ಕಂಡ ಇನ್ನೊಂದು ಶಿಲೀಂಧ್ರದ ಬೀಜಕಗಳು ಕೂದಲಿನ ಒಳಗೇ ತುಂಬಿದ್ದವು. ರೋಗಿಯ ಒಂದೇ ಒಂದು ಕೂದಲಿನಿಂದ ರೋಗಕಾರಕವನ್ನು ಗುರುತಿಸುವ ಮಾರ್ಗ ಹೀಗೆ ತೆರೆಯಿತು.

ಆದರೆ ವೈದ್ಯಲೋಕ ಇದನ್ನು ಒಪ್ಪಲಿಲ್ಲ. ಇದರಲ್ಲಿ ಗ್ರೂಬಿಯ ತಪ್ಪೂ ಸ್ವಲ್ಪ ಇತ್ತೆನ್ನಬೇಕು. ಮಕ್ಕಳ ಆ ರೋಗಕ್ಕೆ ಅವನು ಬಳಸಿದ ಹೆಸರನ್ನೇ ಇತರ ವೈದ್ಯರು ಕೂದಲುದುರುವ ಬೇರೊಂದು ರೋಗಕ್ಕೆ ಬಳಸುತ್ತಿದ್ದರು. ಅವರು ಆ ರೋಗದಲ್ಲಿ ಶಿಲೀಂಧ್ರವನ್ನು ಹುಡುಕಿದರು, ಸಿಗಲಿಲ್ಲ. ಹೆಸರಿನ ಗೊಂದಲದಲ್ಲಿ ಸತ್ಯವೇ ಮರೆಯಾಯಿತು. ಗ್ರೂಬಿ ಕ್ರಮೇಣ ಸಂಶೋಧನೆಯನ್ನು ಬಿಟ್ಟು ಚಿಕಿತ್ಸೆಯಲ್ಲಿ ತೊಡಗಿದನು. ಕವಿ ಹೈನೆಯಂಥವರು ಅವನ ರೋಗಿಗಳಾಗಿದ್ದರು.

ಸುಮಾರು ಐವತ್ತು ವರ್ಷಗಳು ಕಳೆದವು. 1892ರ ಹೊತ್ತಿಗೆ ಪ್ಯಾರಿಸಿನ ತರುಣ ವೈದ್ಯ ರೇಮಂಡ್ ಸಬೂರೋ ಅದೇ ಕೂದಲುಗಳನ್ನು ಮತ್ತೆ ಪರೀಕ್ಷಿಸತೊಡಗಿದನು. ಶಿಲೀಂಧ್ರಗಳನ್ನು ಗಾಜಿನ ಕೊಳವೆಗಳಲ್ಲಿ ಬೆಳೆಸಿ, ಗ್ರೂಬಿ ಕಂಡದ್ದು ನಿಜವೆಂದು ಸಿದ್ಧಪಡಿಸಿದನು. ಅವನ ಹೆಸರಿನ ಪೋಷಕ ಮಾಧ್ಯಮ ಇಂದಿಗೂ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ. ಎಂಬತ್ತು ದಾಟಿದ್ದ ಗ್ರೂಬಿ ಆಗಲೂ ಪ್ಯಾರಿಸಿನಲ್ಲಿಯೇ ಇದ್ದನು, 1898ರಲ್ಲಿ ತೀರಿಕೊಂಡನು.