ಜ್ವರದ ಮೂಲವನ್ನು ಬಡತನದಲ್ಲಿ ಕಂಡ ವೈದ್ಯ ರುಡಾಲ್ಫ್ ವಿರ್ಕೋ

ಜೀವಕೋಶಗಳ ಅಧ್ಯಯನದಿಂದ ಖ್ಯಾತರಾದ ರುಡಾಲ್ಫ್ ವಿರ್ಕೋ ಅವರನ್ನು ನಮ್ಮ ಶಾಲಾಮಕ್ಕಳೂ ಬಲ್ಲರು. ಅದಕ್ಕೂ ಮೊದಲು ಅವರು ಕೈಗೊಂಡ ಸೇವಾಕಾರ್ಯವನ್ನು ಬಲ್ಲವರು ವಿರಳ.

1821ರಲ್ಲಿ ಪ್ರಶ್ಯಾ ರಾಜ್ಯದಲ್ಲಿ ಜನಿಸಿದ ವಿರ್ಕೋ ಬರ್ಲಿನ್ನಿನಲ್ಲಿ ವೈದ್ಯರಾದರು. 1848ರ ಫೆಬ್ರವರಿಯಲ್ಲಿ, ಮೇಲಣ ಸಿಲೇಸಿಯಾ ಪ್ರಾಂತದಲ್ಲಿ ಹಬ್ಬಿದ್ದ ಟೈಫಸ್ ಜ್ವರವನ್ನು ಪರಿಶೀಲಿಸಲು ಸರ್ಕಾರವು 26 ವರ್ಷದ ಈ ತರುಣ ವೈದ್ಯರನ್ನು ಕಳುಹಿಸಿತು. ಅಲ್ಲಿ ಅವರು ಕಂಡದ್ದು ಬರೀ ಜ್ವರವನ್ನಲ್ಲ. ಆಲೂಗಡ್ಡೆಯ ಬೆಳೆ ನಾಶವಾಗಿ ಜನ ಹಸಿದಿದ್ದರು. ಇಕ್ಕಟ್ಟಾದ ಗುಡಿಸಲುಗಳಲ್ಲಿ ಇಡೀ ಕುಟುಂಬಗಳು ಒತ್ತಾಗಿ ಮಲಗುತ್ತಿದ್ದವು. ಪೋಲಿಷ್ ನುಡಿಯುವ ಆ ಬಡವರನ್ನು ಆಳುತ್ತಿದ್ದವರು ಜರ್ಮನ್ ಅಧಿಕಾರಿಗಳು. ಸುಮಾರು ಮೂರು ವಾರ ಅಲ್ಲಿದ್ದು ಸಿದ್ಧಪಡಿಸಿದ ವರದಿಯಲ್ಲಿ ಅವರು ಸೂಚಿಸಿದ ಮದ್ದೇ ಬೇರೆ: ಜನರ ನುಡಿಗೆ ಮನ್ನಣೆ, ಶಿಕ್ಷಣ, ರಸ್ತೆ, ಬೇಸಾಯದ ಸುಧಾರಣೆ, ನ್ಯಾಯವಾದ ತೆರಿಗೆ, ಎಲ್ಲಕ್ಕೂ ಮಿಗಿಲಾಗಿ ಸ್ವಾಡಳಿತ. ಹೇನು ಈ ಜ್ವರವನ್ನು ಹರಡುತ್ತದೆಂಬುದು ಆಗಿನ್ನೂ ಯಾರಿಗೂ ತಿಳಿದಿರಲಿಲ್ಲ. ಆದರೂ ಅವರ ನಿದಾನ ದಿಕ್ಕು ತಪ್ಪಲಿಲ್ಲವೆಂಬುದು ಸೋಜಿಗವೇ ಸರಿ!

ಆಳುವವರಿಗೆ ಅವರ ನಿಲುವು ರುಚಿಸಲಿಲ್ಲ. 1849ರಲ್ಲಿ ಅವರು ಬರ್ಲಿನ್ ತೊರೆಯಬೇಕಾಯಿತು. ಏಳು ವರ್ಷಗಳ ನಂತರ ಹಿಂದಿರುಗಿ, 1859ರಿಂದ ನಗರಸಭೆಯ ಸದಸ್ಯರಾಗಿ 1902ರಲ್ಲಿ ಮರಣಹೊಂದುವವರೆಗೂ ದುಡಿದರು. ಬರ್ಲಿನ್ನಿನ ಬೀದಿಬದಿಯ ತೆರೆದ ಚರಂಡಿಗಳು ಮರೆಯಾಗಿ, ಕೊಳಚೆ ನೀರು ನೆಲದಡಿಯ ಕೊಳವೆಗಳಲ್ಲಿ ಊರಾಚೆಯ ಹೊಲಗಳಿಗೆ ಹರಿಯುವಂತಾದುದರ ಹಿಂದೆ ಅವರ ಪರಿಶ್ರಮವೂ ಇತ್ತು.